ರಾಗಿಗೆ ಮೂರನೆಯ ಪರೀಕ್ಷೆ

ರಾಗಿಯ ಮೊದಲ ಪರೀಕ್ಷೆ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನಡೆಯಿತು. ಆರು ತಿಂಗಳ ಸೆರೆಯಲ್ಲಿ ಭತ್ತ ಸೊರಗಿತು. ರಾಗಿ ಗೆದ್ದು ರಾಘವನ ಹೆಸರನ್ನೇ ಪಡೆಯಿತು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯಕ್ಕೆ ಇದು ತಕ್ಕ ತೀರ್ಪೇ ಸರಿ.

ಎರಡನೆಯ ಪರೀಕ್ಷೆ 1876–78ರ ಕ್ಷಾಮ. ಮಳೆ ತಡವಾದರೆ ರಾಗಿ ತಾಳೀತು. ಮಳೆಯೇ ಬಾರದಿದ್ದರೆ ಏನು ಮಾಡೀತು? 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು.

ಈಗಿನದು ಮೂರನೆಯ ಪರೀಕ್ಷೆ, ಬಿಸಿಲಿನದು. ಬರವನ್ನು ತಾಳುವ ಬೆಳೆ ಬೇಗೆಯನ್ನೂ ಅಷ್ಟೇ ತಾಳುವುದೆಂಬುದು ನಮ್ಮ ಭ್ರಮೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಇಲ್ಲಿಯೂ ಅದು ಚೆನ್ನಾಗಿ ಒಗ್ಗಿದ್ದು ತಂಪಾದ ಮೈಸೂರು ಪ್ರಸ್ಥಭೂಮಿಗೆ. ತೆನೆ ಹೂಬಿಡುವ ವೇಳೆ ಬೇಗೆ ಮಿತಿಮೀರಿದರೆ ಪರಾಗ ಬಲಗುಂದಿ ಕಾಳು ಕಟ್ಟುವುದು ಕಡಮೆಯಾಗುತ್ತದೆ. ಬೇರಿಗೆ ತೇವವಿದ್ದರೂ ನಷ್ಟ ತಪ್ಪದು.

ಆದರೆ ಇತಿಹಾಸ ಒಂದು ದಾರಿಯನ್ನೂ ತೋರಿದೆ. ಕಳೆದ ಶತಮಾನದಲ್ಲಿ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಾಡರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹಳೆಯವು ಉಳಿದಿದ್ದುದರಿಂದಲೇ ಹೊಸವು ಹುಟ್ಟಿದವು. ಮುಂದಿನ ಬೀಜವೂ ಅಲ್ಲಿಂದಲೇ ಬರಬೇಕು. ಹೊಲದ ಮೂಲೆಯ ಹಳೆಯ ತಳಿಯನ್ನು ಕಳೆದುಕೊಂಡ ನಾಡು ಪರೀಕ್ಷೆಗೆ ಮೊದಲೇ ಸೋತಂತೆ.