ಕಳ್ಳಂಬೆಳ್ಳದ ಕಳ್ಳರೂ ಮಸ್ಕಿಯ ಅಶೋಕನೂ



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಸ್ವತಃ ಅಧ್ಯಾಪಕರಾಗಿರುವವರು, ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ "ಸಾರ್, ಶನಿವಾರದ ಮೂರು ಸಾಲಿನ ಪಾಠವನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದರು. ಬರೆದಿಟ್ಟಿರಲಿಲ್ಲ. ಕಳ್ಳಂಬೆಳ್ಳದಲ್ಲಿ ಇತಿಹಾಸ ಬೋಧಿಸುತ್ತಿದ್ದ ವರ್ಷಗಳಲ್ಲಿ, ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ, ಪಠ್ಯಪುಸ್ತಕವನ್ನು ಮುಚ್ಚಿಸಿ ನಡೆಸುತ್ತಿದ್ದ ಪಾಠವದು. ಅವರ ಮಾತಿಗೆ ಮನ್ನಣೆಯಿತ್ತು ಇಂದು ಬರೆಯುತ್ತಿದ್ದೇನೆ.

ಪಾಠದ ಕ್ರಮ ಸರಳವಾದುದು. ಕರಿಹಲಗೆಯ ಮೇಲೆ ಮೂರು ಸಾಲಿನಷ್ಟು ಜಾಗ. ಮೊದಲನೆಯ ಸಾಲಿನಲ್ಲಿ ನಮಗೆ ಕಾಣುವ ಸಂಗತಿ. ಮೂರನೆಯ ಸಾಲಿನಲ್ಲಿ ಅದರಿಂದ ಯಾರೋ ತೆಗೆದ ತೀರ್ಮಾನ. ನಡುವಿನ ಸಾಲು ಖಾಲಿ. ಮೊದಲ ಸಾಲಿನಿಂದ ಮೂರನೆಯ ಸಾಲಿಗೆ ಹೋಗಬೇಕಾದರೆ ಹೇಳುವವನು ಯಾವ ಮಾತನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಂಡಿದ್ದಾನೆ ಎಂಬುದನ್ನು ಹುಡುಕಿ ಆ ಖಾಲಿ ಸಾಲನ್ನು ತುಂಬುವುದಷ್ಟೇ ವಿದ್ಯಾರ್ಥಿಗಳ ಕೆಲಸ. ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಆಮೇಲಿನದು.

ಇದು ಆರಂಭವಾದದ್ದು ಊರಿನ ಹೆಸರಿನಿಂದ. ನಮ್ಮ ಹುಡುಗರು ಮುಂದಿನ ಓದಿಗೆಂದು ಹೊರಗೆ ಹೋದರೆ, ಕಬಡ್ಡಿ ಪಂದ್ಯಕ್ಕೆಂದು ಬೇರೆ ಊರಿಗೆ ಹೋದರೆ, "ಓಹೋ, ಕಳ್ಳರ ಊರಿನವನೋ! ಜೇಬು ನೋಡಿಕೊಳ್ಳಿರಪ್ಪ" ಎಂಬ ಸ್ವಾಗತ ಸಿಕ್ಕುತ್ತಿತ್ತು. ತಮಾಷೆಯ ಮಾತೆಂದು ನಾವು ಹಿರಿಯರು ನಕ್ಕು ಬಿಡುತ್ತಿದ್ದೆವು. ಆದರೆ ಹತ್ತನೆಯ ತರಗತಿ ಮುಗಿಸಿ ಹೋಗಿದ್ದ ಹುಡುಗನೊಬ್ಬ ದಸರಾ ರಜೆಯಲ್ಲಿ ಬಂದವನು ಶಾಲೆಯ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಅವನಿದ್ದ ಹಾಸ್ಟೆಲಿನಲ್ಲಿ ಯಾರದೋ ಕೈಗಡಿಯಾರ ಕಾಣೆಯಾದಾಗ ಎಲ್ಲರಿಗಿಂತ ಮೊದಲು ತೆರೆಸಿದ್ದು ಇವನ ಟ್ರಂಕನ್ನು. ಗಡಿಯಾರ ಆಮೇಲೆ ಸ್ನಾನದ ಮನೆಯ ಗೂಡಿನಲ್ಲಿ ಸಿಕ್ಕಿತಂತೆ. ಟ್ರಂಕು ತೆರೆಸಿದವರು ಮಾತ್ರ ಒಂದು ಮಾತನ್ನೂ ಆಡಲಿಲ್ಲವಂತೆ.

ಮುಂದಿನ ಶನಿವಾರ ನಾನು ಕರಿಹಲಗೆಯ ಮೇಲೆ ಬರೆದೆ: "ಈ ಊರಿನ ಹೆಸರಿನಲ್ಲಿ 'ಕಳ್ಳ' ಎಂಬ ಸದ್ದಿದೆ." ಒಂದು ಸಾಲು ಬಿಟ್ಟು, "ಆದ್ದರಿಂದ ಇದು ಕಳ್ಳರ ಊರು."

ನಡುವಿನ ಸಾಲನ್ನು ತುಂಬಲು ತರಗತಿಗೆ ಕಾಲು ಗಂಟೆ ಹಿಡಿಯಿತು. ಕೊನೆಗೆ ಒಪ್ಪಿತವಾದ ರೂಪವಿದು: "ಊರಿನ ಹೆಸರಿನಲ್ಲಿ ಯಾವ ಪದದ ಸದ್ದು ಕೇಳಿಸುತ್ತದೆಯೋ ಆ ಪದದ ಅರ್ಥವು ಆ ಊರಿನ ಜನರಿಗೆ ಹೊಂದುತ್ತದೆ." ಬರೆದು ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಹಾಗಾದರೆ ಗುಬ್ಬಿಯವರು ಹಾರುತ್ತಾರಾ ಸಾರ್?" ಹುಳಿಯಾರಿನವರ ಅಡುಗೆಯ ವಿಚಾರವನ್ನು ಇನ್ನೊಬ್ಬಳು ಎತ್ತಿದಳು. ಹೇಳದೆ ನುಂಗಿಕೊಂಡಿದ್ದಾಗ ಗಟ್ಟಿಯಾಗಿ ಕಾಣುತ್ತಿದ್ದ ಮಾತು, ಬರೆದು ಎದುರಿಗಿಟ್ಟೊಡನೆ ನಗೆಪಾಟಲಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದೆವು. 'ಕಳ್ಳ' ಎಂಬ ಸದ್ದು ಕಳ್ಳನಲ್ಲಿ ಮಾತ್ರ ಇದೆಯೇ? ಕುಡಿಯುವ ಕಳ್ಳಿನಲ್ಲಿಯೂ ಇದೆ. ಹೊಲದ ಬೇಲಿಯ ಕಳ್ಳಿಗಿಡದಲ್ಲಿಯೂ ಇದೆ. ಒಂದೇ ಸದ್ದಿಗೆ ಮೂರು ಮೂಲಗಳು ಸಾಧ್ಯವಿರುವಾಗ ಅವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಲು ಆ ಸದ್ದಷ್ಟೇ ಸಾಲದು. ಅಲ್ಲದೆ 'ಬೆಳ್ಳ' ಎಂಬ ಉಳಿದರ್ಧವನ್ನು ಈ ವಾದ ಮುಟ್ಟುವುದೇ ಇಲ್ಲ. ಅರ್ಧ ಹೆಸರನ್ನು ವಿವರಿಸಿ ಇಡೀ ಊರಿಗೆ ತೀರ್ಪು ಕೊಟ್ಟಂತಾಯಿತು!

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಉತ್ಸಾಹದಿಂದ ಎದ್ದು, "ಹಾಗಾದರೆ ಕಳ್ಳಿಗಿಡದಿಂದಲೇ ನಮ್ಮ ಊರಿಗೆ ಹೆಸರು ಬಂದದ್ದು ಸಾರ್, ಇಲ್ಲಿ ಎಲ್ಲೆಲ್ಲೂ ಕಳ್ಳಿ ಇದೆಯಲ್ಲ" ಎಂದಳು. ತರಗತಿ ಚಪ್ಪಾಳೆ ತಟ್ಟಿತು. ನಾನು ಅದನ್ನೂ ಮೂರು ಸಾಲಿನಲ್ಲಿ ಬರೆಸಿದೆ. ನಡುವಿನ ಸಾಲು ಅದೇ ಜಾತಿಯದಾಗಿತ್ತು. ಶಿರಾ, ಪಾವಗಡ, ಮಧುಗಿರಿಗಳ ಒಣ ಸೀಮೆಯಲ್ಲಿ ಕಳ್ಳಿ ಇಲ್ಲದ ಊರು ಯಾವುದು? ಅವಕ್ಕೆಲ್ಲ ಆ ಹೆಸರೇಕೆ ಬರಲಿಲ್ಲ? ಹುಡುಗಿಯ ಮುಖ ಸಪ್ಪಗಾಯಿತು. ಹಂಗಿಸುವವರ ವಾದವನ್ನು ತೂಗಿದ ತಕ್ಕಡಿಯಲ್ಲಿಯೇ ನಮಗೆ ಹಿತವಾದ ವಾದವನ್ನೂ ತೂಗಬೇಕೆಂಬುದು ಹದಿನೈದು ವರ್ಷದ ಮಕ್ಕಳಿಗೆ ಸುಲಭದ ಮಾತಲ್ಲ. ಅರವತ್ತು ದಾಟಿದವರಿಗೂ ಸುಲಭವಲ್ಲವೆಂದು ಮದುವೆ ಮನೆಗಳಲ್ಲಿ ನಡೆಯುವ ಕುಲಮೂಲದ ಚರ್ಚೆಗಳನ್ನು ಕೇಳಿದರೆ ತಿಳಿಯುತ್ತದೆ.

ನಮ್ಮ ನೈಯಾಯಿಕರು ಈ ದೋಷಕ್ಕೆ ಬಹು ಹಿಂದೆಯೇ ಹೆಸರಿಟ್ಟಿದ್ದಾರೆ. ಅವರ ಅನುಮಾನಕ್ಕೆ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎನ್ನುವುದು ಅವರ ಪ್ರಸಿದ್ಧ ನಿದರ್ಶನ. ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ಬಿಡದ ನಂಟಿಗೆ ವ್ಯಾಪ್ತಿ ಎಂದು ಹೆಸರು. ನನ್ನ ಖಾಲಿ ಸಾಲಿನಲ್ಲಿ ಬರೆಯಬೇಕಾದದ್ದು ಈ ವ್ಯಾಪ್ತಿಯನ್ನೇ. ಹೇತುವು ಸಾಧ್ಯವಿರುವೆಡೆಯೂ ಇದ್ದು, ಇಲ್ಲದೆಡೆಯೂ ಇದ್ದರೆ ಅದು ಅನೈಕಾಂತಿಕ, ಅಂದರೆ ಒಂದೇ ತುದಿಗೆ ಮುಟ್ಟಿಸದ ಹೇತು. ನಮ್ಮ ಊರಿನ 'ಕಳ್ಳ' ಅಂಥದು.

ಹೆಸರಿನ ಕಥೆಗಳನ್ನು ಪರೀಕ್ಷಿಸಲು ಗಟ್ಟಿಯಾದ ಸಾಧನವೆಂದರೆ ಹಳೆಯ ಬರಹ. ಬೆಂಗಳೂರಿನ ಕಥೆ ನಿಮಗೆಲ್ಲ ಗೊತ್ತು. ಬೇಟೆಯಲ್ಲಿ ದಾರಿತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಆದರೆ ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅರಸ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಊರಿಗೆ ಹೆಸರಿತ್ತು. ಇಲ್ಲಿಯೂ ಎಚ್ಚರ ಬೇಕು. ಶಾಸನವು ಉರುಳಿಸಿದ್ದು ಬಲ್ಲಾಳನ ಕಥೆಯನ್ನು ಮಾತ್ರ. ಬೆಂಗಳೂರು ಎಂಬುದರ ಅರ್ಥವೇನೆಂದು ಅದು ಹೇಳುವುದಿಲ್ಲ.

ಊರಿನ ಹೆಸರಿನ ಮಾತು ಹಾಗಿರಲಿ. ಹತ್ತನೆಯ ತರಗತಿಗೆ ನಾನು ಕಾಯ್ದಿರಿಸುತ್ತಿದ್ದ ದೊಡ್ಡ ಪಾಠ ಅಶೋಕನದು. ಪಠ್ಯಪುಸ್ತಕದಲ್ಲಿ ಅಶೋಕನ ಶಾಸನಗಳೆಂದು ಒಂದೇ ಉಸಿರಿನಲ್ಲಿ ಓದಿಬಿಡುತ್ತೇವೆ. ಆ ಶಾಸನಗಳು ಅಶೋಕನವೆಂದು ಹೇಗೆ ತಿಳಿಯಿತು ಎಂದು ಕೇಳಿದರೆ ತರಗತಿ ಸ್ತಬ್ಧವಾಗುತ್ತಿತ್ತು. ಏಕೆಂದರೆ ಆಗ ತಿಳಿದಿದ್ದ ಯಾವ ಬಂಡೆಯ ಮೇಲೂ, ಯಾವ ಕಂಬದ ಮೇಲೂ ಅಶೋಕನೆಂಬ ಹೆಸರಿರಲಿಲ್ಲ. ದೇವಾನಾಂಪ್ರಿಯ ಪ್ರಿಯದರ್ಶಿ ರಾಜ ಎಂದಷ್ಟೇ ಇತ್ತು.

ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿ ಮುಗಿಸಿದಾಗ ಈ ಒಗಟು ಎದುರಾಯಿತು. ಪುರಾಣಗಳ ರಾಜವಂಶಾವಳಿಗಳಲ್ಲಿ ಪ್ರಿಯದರ್ಶಿಯೆಂಬ ಅರಸನಿಲ್ಲ. ಸಿಂಹಳದ ಇತಿಹಾಸ ಗ್ರಂಥದಲ್ಲಿ ಮಾತ್ರ ದೇವಾನಾಂಪಿಯ ತಿಸ್ಸನೆಂಬ ಬೌದ್ಧ ದೊರೆ ಇದ್ದಾನೆ. ಪ್ರಿನ್ಸೆಪ್ ಮೊದಲಿಗೆ ಮಾಡಿದ ವಾದ ನಮ್ಮ ಕರಿಹಲಗೆಗೆ ಹೇಳಿ ಮಾಡಿಸಿದಂಥದು. ಶಾಸನದ ರಾಜ ದೇವಾನಾಂಪಿಯ. ಸಿಂಹಳದ ತಿಸ್ಸನೂ ದೇವಾನಾಂಪಿಯ. ಆದ್ದರಿಂದ ಶಾಸನದ ರಾಜ ಸಿಂಹಳದ ತಿಸ್ಸ.

ನಡುವಿನ ಸಾಲು ಏನೆಂದು ನೀವೇ ಹೇಳಬಲ್ಲಿರಿ: "ದೇವಾನಾಂಪಿಯ ಎಂಬುದು ಒಬ್ಬನೇ ವ್ಯಕ್ತಿಯ ಹೆಸರು." ಆದರೆ ಅದು ಬಿರುದು. ಬಿಹಾರದ ನಾಗಾರ್ಜುನಿ ಬೆಟ್ಟದ ಗುಹೆಗಳಲ್ಲಿ ದಶರಥನೆಂಬ ಅರಸನಿಗೂ ಅದೇ ಬಿರುದಿದೆ. ಹೇತು ಅನೈಕಾಂತಿಕವಾಯಿತು; ಕಳ್ಳ, ಕಳ್ಳು, ಕಳ್ಳಿಗಳ ಕಥೆಯೇ.

ಸಿಂಹಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅದೇ ವರ್ಷ ದೀಪವಂಸವೆಂಬ ಪಾಳಿ ಗ್ರಂಥದಲ್ಲಿ ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನನ್ನೇ ಪ್ರಿಯದರ್ಶಿ ಎಂಬರ್ಥದ ಹೆಸರಿನಿಂದಲೂ ಕರೆದಿರುವುದನ್ನು ಕಂಡ. ಪ್ರಿನ್ಸೆಪ್ ತನ್ನ ಮತವನ್ನು ಬದಲಿಸಿಕೊಂಡ. ಸಾಕ್ಷ್ಯ ಬಂದಾಗ ಮತ ಬದಲಿಸುವುದನ್ನು ಅವಮಾನವೆಂದು ಅವನು ಎಣಿಸಲಿಲ್ಲ.

ಈ ಹೊಸ ತೀರ್ಮಾನವನ್ನು ಬೇರೆ ಬೇರೆ ಸಾಕ್ಷ್ಯಗಳಿಂದ ಪರೀಕ್ಷಿಸುವ ಅಭ್ಯಾಸವನ್ನು ನಾನು ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದೆ. ಹದಿಮೂರನೆಯ ಬಂಡೆಶಾಸನದಲ್ಲಿ ಅಂತಿಯೋಕ, ತುರಮಾಯ ಮೊದಲಾದ ಐವರು ಯವನ ಅರಸರ ಹೆಸರುಗಳಿವೆ. ಇವರು ಕ್ರಿಸ್ತಪೂರ್ವ ಮೂರನೆಯ ಶತಮಾನದವರು. ಅಶೋಕನ ಕಾಲಕ್ಕೆ ಸರಿಹೊಂದುತ್ತದೆ ಎಂದು ಹುಡುಗರು ಹಿಗ್ಗುತ್ತಿದ್ದರು. "ತಿಸ್ಸ ಯಾವ ಕಾಲದವನು?" ಎಂದು ಕೇಳುತ್ತಿದ್ದೆ. ಅವನೂ ಅಶೋಕನ ಸಮಕಾಲೀನನೇ! ಅಂದಮೇಲೆ ಈ ಸಾಕ್ಷ್ಯ ನಿಜವೇ ಆದರೂ ಇಬ್ಬರಲ್ಲಿ ಯಾರೆಂದು ನಿರ್ಣಯಿಸಲು ನಿರುಪಯುಕ್ತ. ಸತ್ಯವಾದ ಮಾತೆಲ್ಲ ಪ್ರಕೃತ ವಾದಕ್ಕೆ ಸಾಕ್ಷ್ಯವಾಗುವುದಿಲ್ಲ ಎಂಬುದನ್ನು ಮನಗಾಣಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ಎರಡನೆಯ ಬಂಡೆಶಾಸನವನ್ನು ನೋಡಿ. ಚೋಳ, ಪಾಂಡ್ಯರೊಡನೆ ತಂಬಪಂಣಿಯನ್ನು, ಅಂದರೆ ಸಿಂಹಳವನ್ನು, ಗಡಿಯಾಚೆಯ ನಾಡೆಂದು ಎಣಿಸಿದೆ. ತನ್ನ ನಾಡನ್ನು ಯಾವ ಅರಸನೂ ಗಡಿಯಾಚೆಯದೆನ್ನುವುದಿಲ್ಲ. ಈ ನಡುವಿನ ಸಾಲನ್ನು ಎಷ್ಟು ಜಗ್ಗಿದರೂ ಅದು ಹರಿಯುವುದಿಲ್ಲ.

ಆದರೂ ಅಶೋಕನೆಂಬ ಹೆಸರು ಕಲ್ಲಿನ ಮೇಲೆ ಸಿಕ್ಕಿರಲಿಲ್ಲ. ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ; ಆಗ ಅದು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಬಂಡೆಯ ಬರಹವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಪ್ರಕಟಿಸಿದರು. ದೇವಾನಾಂಪ್ರಿಯ ಎಂಬುದರ ಪಕ್ಕದಲ್ಲಿಯೇ ಅಶೋಕನ ಹೆಸರು. ಪ್ರಿನ್ಸೆಪ್ 1840ರಲ್ಲಿ, ಟರ್ನರ್ 1843ರಲ್ಲಿ ತೀರಿಕೊಂಡಿದ್ದರು. ಅವರ ಅನುಮಾನ 78 ವರ್ಷ ಕಾದು, ನಮ್ಮ ನಾಡಿನ ಕಲ್ಲಿನಿಂದ ಪ್ರತ್ಯಕ್ಷವಾಯಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲಿಯೂ ಆ ಹೆಸರು ದೊರೆಯಿತು.

ಮಸ್ಕಿ ದೂರವಾಯಿತೆನ್ನುವವರಿಗೆ ಹತ್ತಿರದ್ದೊಂದು ಹೇಳುತ್ತೇನೆ. ಶಿರಾ ದಾಟಿ ಹಿರಿಯೂರು, ಚಳ್ಳಕೆರೆಗಳ ಮೇಲೆ ಹೋದರೆ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಅವುಗಳ ಕೊನೆಯಲ್ಲಿ ಬರೆದವನ ಹೆಸರು ಚಪಡನೆಂದಿದೆ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಇದನ್ನು ಕೇಳಿದೊಡನೆ ವಿದ್ಯಾರ್ಥಿಗಳು ಎರಡು ತೀರ್ಮಾನಗಳನ್ನು ತೆಗೆಯುತ್ತಿದ್ದರು. ಒಂದು, ಅಂದು ಈ ಸೀಮೆಯ ಜನ ಖರೋಷ್ಠಿಯನ್ನು ಓದುತ್ತಿದ್ದರು. ಇನ್ನೊಂದು, ಚಪಡನಿಗೆ ಖರೋಷ್ಠಿ ಬರುತ್ತಿತ್ತು. ಎರಡನೆಯದಕ್ಕೆ ನಡುವಿನ ಸಾಲು ಬೇಕೇ ಆಗಿಲ್ಲವೆನ್ನುವಷ್ಟು ಅದು ಸಾಕ್ಷ್ಯಕ್ಕೆ ಹತ್ತಿರವಿದೆ. ಮೊದಲನೆಯದಕ್ಕೆ, ಬರೆದದ್ದನ್ನೆಲ್ಲ ಓದುವವರು ಅಲ್ಲಿಯೇ ಇರುತ್ತಾರೆ ಎಂಬ ದೊಡ್ಡ ಸಾಲವನ್ನು ಮಾಡಬೇಕಾಗುತ್ತದೆ. ನೂರಾರು ಹರದಾರಿ ದೂರದ ಲಿಪಿಯಲ್ಲಿ ತನ್ನ ಕಸುಬನ್ನು ಕೆತ್ತಿಸಿ ಹೋದ ಆ ಲಿಪಿಕಾರನ ಬಗ್ಗೆ ನನಗೆ ಮೊದಲಿನಿಂದಲೂ ವಿಶೇಷ ಪ್ರೀತಿ.

ಟ್ರಂಕಿನ ಹುಡುಗ ಮತ್ತೆ ಹಾಸ್ಟೆಲಿಗೆ ಹೋದ ಮೇಲೆ, ತನ್ನನ್ನು ಹಂಗಿಸಿದವರಿಗೆ ನಡುವಿನ ಸಾಲನ್ನು ಕಾಗದದ ಮೇಲೆ ಬರೆದು ತೋರಿಸಿದನಂತೆ. ಹಂಗಿಸುವುದು ನಿಂತಿತೇ ಎಂದು ಕೇಳಿದೆ. "ಇಲ್ಲ ಸಾರ್, ಆದರೆ ನನಗೆ ಈಗ ಬೇಜಾರಾಗೋದಿಲ್ಲ" ಎಂದ.

ಈ ಬಾರಿಯ ಅಭ್ಯಾಸ ಇದು. ಮೊಳಕಾಲ್ಮೂರಿನ ಶಾಸನಗಳು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಬಂದವು. ಸುವರ್ಣಗಿರಿ ಎಲ್ಲಿತ್ತು? ಒಬ್ಬರೆನ್ನುತ್ತಾರೆ: ಸುವರ್ಣವೆಂದರೂ ಕನಕವೆಂದರೂ ಚಿನ್ನ, ಆದ್ದರಿಂದ ಅದು ಕೊಪ್ಪಳ ಜಿಲ್ಲೆಯ ಕನಕಗಿರಿ. ಇನ್ನೊಬ್ಬರು: ಮಸ್ಕಿಯ ಹತ್ತಿರದ ಹಟ್ಟಿಯಲ್ಲಿ ಪ್ರಾಚೀನ ಚಿನ್ನದ ಗಣಿಗಳ ಕುರುಹುಗಳಿವೆ, ಆದ್ದರಿಂದ ಅದು ಮಸ್ಕಿ. ಮತ್ತೊಬ್ಬರು: ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ, ಅದರ ಪಕ್ಕದ ಊರು ಜೊನ್ನಗಿರಿ, ಆದ್ದರಿಂದ ಅದೇ ಸುವರ್ಣಗಿರಿ. ಮೂರಕ್ಕೂ ನಡುವಿನ ಸಾಲು ಬರೆದು ಕಳುಹಿಸಿ. ಕೊಪ್ಪಳದ ಸೊಸೆಯಂದಿರು ಕನಕಗಿರಿಯ ಪಕ್ಷ ವಹಿಸಿದರೂ ಅಡ್ಡಿಯಿಲ್ಲ, ಸಾಲು ಮಾತ್ರ ಬಿಡಬೇಡಿ.