ಗದ್ದಿಗೆ

ಮಡಿಕೇರಿಯಲ್ಲಿ ‘ಗದ್ದಿಗೆಗೆ ಹೋಗಿ ಬಂದೆ’ ಎಂದರೆ ಯಾರೂ ಸಿಂಹಾಸನ ಎಂದುಕೊಳ್ಳುವುದಿಲ್ಲ. ಊರಂಚಿನ ದಿಬ್ಬದ ಮೇಲಿರುವ, ಕೊಡಗನ್ನಾಳಿದ ಹಾಲೇರಿ ಅರಸರ ಸಮಾಧಿಗಳೇ ಕಣ್ಣ ಮುಂದೆ ಬರುತ್ತವೆ.

ಗದ್ದಿಗೆ, ಗದ್ದುಗೆ ಎರಡೂ ರೂಪ ಬಳಕೆಯಲ್ಲಿವೆ. ಕೂರುವ ಮೆತ್ತೆ, ಪೀಠ ಎಂಬುದು ಮೂಲಾರ್ಥ; ಹಿಂದಿಯ ಗದ್ದಿ, ಮರಾಠಿಯ ಗಾದಿ ಇದರ ನೆಂಟರು. ಅರಸ ಕೂತ ಪೀಠ ಸಿಂಹಾಸನವಾಯಿತು, ಮುಂದೆ ಅಧಿಕಾರವೇ ಗದ್ದುಗೆಯಾಯಿತು. ಇಂದಿಗೂ ಪತ್ರಿಕೆಗಳಲ್ಲಿ ಮುಖ್ಯಮಂತ್ರಿಗಳು ‘ಗದ್ದುಗೆ ಏರುತ್ತಾರೆ’.

ಪೀಠ ಸಮಾಧಿಯಾದದ್ದು ವೀರಶೈವರ ರೂಢಿಯಿಂದ. ಅವರಲ್ಲಿ ದಹನವಿಲ್ಲ, ದೇಹವನ್ನು ಕುಳಿತ ಭಂಗಿಯಲ್ಲೇ ಮಣ್ಣಿಗಿಡುತ್ತಾರೆ. ಕೂತವರ ನೆಲೆ ಗದ್ದುಗೆಯಲ್ಲದೆ ಮತ್ತೇನು? ಮಠಗಳಲ್ಲಿ ಸ್ಥಾಪಕರ ಸಮಾಧಿಯನ್ನು ‘ಕರ್ತೃ ಗದ್ದುಗೆ’ ಎನ್ನುವುದೂ ಇದೇ ಅರ್ಥದಲ್ಲಿ. ಹಾಲೇರಿ ಅರಸರೂ ವೀರಶೈವರೇ.

ಮಡಿಕೇರಿಯ ಗದ್ದಿಗೆಯಲ್ಲಿ 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮಾಜಿ ಜೊತೆಯಾಗಿದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕವೀರರಾಜೇಂದ್ರ ಕಟ್ಟಿಸಿದ್ದು. ದೂರದಿಂದ ಗುಮ್ಮಟ, ಮಿನಾರು ಕಂಡು ದರ್ಗಾ ಎಂದುಕೊಳ್ಳಬೇಕು. ಹತ್ತಿರ ಹೋಗಿ ತಲೆಯೆತ್ತಿದರೆ ಮೂಲೆಮೂಲೆಯಲ್ಲೂ ಕಲ್ಲಿನ ನಂದಿ ಕೂತಿದೆ. ಒಳಗೆ ಶಿವಲಿಂಗ. ನನಗೆ ಕೊಡಗಿನಲ್ಲಿ ಇದಕ್ಕಿಂತ ಪ್ರಿಯವಾದ ಕಟ್ಟಡವಿಲ್ಲ.

ತಂದೆಗೆ ಗದ್ದಿಗೆ ಕಟ್ಟಿಸಿದ ಚಿಕವೀರರಾಜೇಂದ್ರನನ್ನು 1834ರಲ್ಲಿ ಬ್ರಿಟಿಷರು ಪಟ್ಟದಿಂದಿಳಿಸಿದರು. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅವನಿಗೆ ಈ ದಿಬ್ಬದಲ್ಲಿ ಗದ್ದಿಗೆಯಿಲ್ಲ.