ನಲಿ-ಕಲಿ ಶಿಕ್ಷಕರ ತರಬೇತಿ

ನಲಿ-ಕಲಿ ಶಿಕ್ಷಕರ ತರಬೇತಿಯು ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ಆಟ, ಹಾಡು, ಕಥೆ ಹಾಗೂ ಕಾರ್ಡುಗಳ ಮೂಲಕ ಬೋಧಿಸುವ ಕ್ರಮವನ್ನು ಕಲಿಸುವ ವೃತ್ತಿ ತರಬೇತಿಯಾಗಿದೆ.

ಹಿನ್ನೆಲೆ

ಈ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಇದಕ್ಕೆ ಪ್ರೇರಣೆ. ಮದನಪಲ್ಲಿಯು ಚಿಂತಾಮಣಿಯಿಂದ ಗಡಿಯಾಚೆಗಿರುವ ಪಟ್ಟಣ. 2009-10ರಲ್ಲಿ ಪದ್ಧತಿಯು ರಾಜ್ಯದಾದ್ಯಂತ ವಿಸ್ತರಿಸಿದಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳೂ ಅದರ ವ್ಯಾಪ್ತಿಗೆ ಬಂದವು.

ವಿಧಾನ

ಶಿಬಿರಾರ್ಥಿಗಳು ಮಕ್ಕಳಂತೆ ಗುಂಪುಗಳಲ್ಲಿ ಕುಳಿತು, ಕಲಿಕಾ ಏಣಿಯನ್ನು ಅನುಸರಿಸಿ, ಪ್ರತಿ ಮೈಲಿಗಲ್ಲಿನ ಚಟುವಟಿಕೆಗಳನ್ನು ಸ್ವತಃ ಮಾಡುವುದು ಇಂತಹ ತರಬೇತಿಯ ತಿರುಳು. ಆಟದ ನಂತರ ಅದರಿಂದ ಯಾವ ಸಾಮರ್ಥ್ಯ ಸಿದ್ಧಿಸಿತೆಂಬ ಚರ್ಚೆ ಅಗತ್ಯ. ಇಲ್ಲವಾದರೆ ಆಟವು ಕೇವಲ ಮನರಂಜನೆಯಾಗಿ ಉಳಿಯುತ್ತದೆ.

ಮಹತ್ವ

ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಮಕ್ಕಳ ಮನೆಮಾತು ತೆಲುಗು. ಅಂತಹ ಮಕ್ಕಳಿಗೆ ಮೊದಲ ದಿನಗಳಲ್ಲಿ ಕನ್ನಡದ ಉಪನ್ಯಾಸಕ್ಕಿಂತ ಚಿತ್ರಕಾರ್ಡು, ಅಭಿನಯಗೀತೆಗಳು ಸುಲಭಗ್ರಾಹ್ಯ. ತರಬೇತಿಯು ಸಂಪನ್ಮೂಲ ವ್ಯಕ್ತಿಗಳಿಂದ ಹಂತಹಂತವಾಗಿ ಶಿಕ್ಷಕರನ್ನು ತಲುಪುವುದರಿಂದ, ಕೊನೆಯ ಹಂತದಲ್ಲಿ ಅದು ಭಾಷಣಕ್ಕೆ ಸೀಮಿತವಾದರೆ ತರಗತಿಯೂ ಭಾಷಣಕ್ಕೇ ಮರಳುತ್ತದೆ.